ಅಪ್ಪ ಕೊಡಿಸಿದ ಐದು ವಿಮಾನಗಳು

ಚಿಕ್ಕಬಾಣಾವರ
22 ಫೆಬ್ರವರಿ 2026

ಪ್ರೀತಿಯ ತಮ್ಮ ಸತೀಶನಿಗೆ,

ಡಿಸೆಂಬರ್ ಏಳರ ಭಾನುವಾರ, ನಿನ್ನ ಹೊಸ ಮನೆಯ ಗೃಹಪ್ರವೇಶದ ದಿನ, ನೆಂಟರೆಲ್ಲರ ಎದುರು ನೀನು ನನ್ನ ಮಗಳ ಕೈಯಿಂದ ಆಟಿಕೆ ವಿಮಾನ ಕಿತ್ತುಕೊಂಡೆ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ಸಿಟ್ಟಿನಲ್ಲಿ ಬರೆದದ್ದನ್ನು ಮೂರು ಸಲ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡು ಮಾತಾಡುತ್ತೀಯ. ಅಮ್ಮನ ಮಂಡಿ ನೋವು ಹೇಗಿದೆ?

ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆದಾಗಲೆಲ್ಲ ಅಪ್ಪ ನಮ್ಮಿಬ್ಬರನ್ನು ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ನಿಲ್ಲಿಸುತ್ತಿದ್ದ. ಸದ್ದಿಗೆ ಎಮ್ಮೆಗಳು ಹಗ್ಗ ಹರಿದುಕೊಂಡು ಓಡಿದರೂ ಅವನ ಕತ್ತು ಕೆಳಗಿಳಿಯುತ್ತಿರಲಿಲ್ಲ. ಸಂಜೆ ರಸ್ತೆ ಬದಿಯಲ್ಲಿ ಮಾರುವವರ ಹತ್ತಿರ ಒಂದು ವಿಮಾನ ಕೊಡಿಸುತ್ತಿದ್ದ. ಇಬ್ಬರಿಗೂ ಸೇರಿ ಒಂದೇ. “ಮುರೀಬ್ಯಾಡ್ರಿ ಕಣ್ರಪ್ಪ, ನಾಳೆ ನಿಮ್ ಮಕ್ಳಿಗಾಯ್ತದೆ” ಅನ್ನುತ್ತಿದ್ದ. ಹಾಗೆ ಐದು ಸೇರಿದವು. ಒಂದೂ ಮುರಿಯಲಿಲ್ಲ ನಾವು.

ಆವತ್ತು ಹಳೇ ಟ್ರಂಕಿನಿಂದ ಅವನ್ನು ತೆಗೆದು ಮಕ್ಕಳ ಮುಂದೆ ಇಟ್ಟವಳು ನಾನೇ. ನಿನ್ನ ಗೋಪಿ ಮೂರು ತೆಗೆದುಕೊಂಡ, ಮೋನಿಕಾ ಎರಡು. ಜಗಳವೇ ಇರಲಿಲ್ಲ. ಅಷ್ಟರಲ್ಲಿ ನೀನು ಬಂದೆ.

“ಏ ಮೋನಿ, ಇಡಮ್ಮ ಅಲ್ಲಿ. ಅವೆಲ್ಲಾ ಈ ಮನೆ ಸಾಮಾನು.”

“ನಂದೂ ಅಲ್ವೇನೋ?” ಎಂದೆ.

“ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕಿದ್ಯಲ್ಲಕ್ಕ, ಸ್ಥಿರ ಚರ ಆಸ್ತಿ ಎಲ್ಲಾ ಬಿಟ್ಟಿದೀನಿ ಅಂತ. ಲೈಬ್ರರಿಗೆ ಲೈಬ್ರರೀನೇ ಓದಿರೋಳು ಅದೊಂದ್ ಓದಿಲ್ವಾ?”

ಎಲ್ಲರೂ ನಕ್ಕರು. ಅಮ್ಮ ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು. ನೀನು ಮೋನಿಕಾಳ ಬೆರಳು ಬಿಡಿಸಿದೆ.

ಓದಿರಲಿಲ್ಲ, ನಿಜ. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಪ್ಪ ಹೋದ ಮೇಲೆ ತವರಿನ ಬಾಗಿಲು ತೆರೆದಿರಲಿ ಎಂದು, ಅರಿಶಿನ ಕುಂಕುಮಕ್ಕೆಂದು ನೀನು ಕೊಟ್ಟ ಸೀರೆಯನ್ನೇ ಉಟ್ಟು ಬಂದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ತಮ್ಮ ತಂದ ಕಾಗದವನ್ನು ಓದಿ ನೋಡುವುದು ಅವನಿಗೆ ಮಾಡುವ ಅವಮಾನ ಅಂದುಕೊಂಡೆ. ಜಮೀನಿನ ಬಗ್ಗೆ ಇವತ್ತಿಗೂ ನನ್ನ ತಕರಾರಿಲ್ಲ. ಅದನ್ನು ನೀನೇ ಇಟ್ಟುಕೋ.

ವಿಮಾನಗಳು ಈಗ ನಿನ್ನ ಹಾಲಿನ ಶೋಕೇಸಿನಲ್ಲಿ ಬೀಗದೊಳಗಿವೆಯಂತೆ. “ಅತ್ತೆ, ನಂಗೂ ಮುಟ್ಟಕ್ ಬಿಡಲ್ಲ” ಎಂದ ಗೋಪಿ. ಹೇಳಿದ್ದಕ್ಕೆ ಅವನನ್ನು ಬೈಯಬೇಡ.

ಅಮ್ಮನಿಗೆ ನಮಸ್ಕಾರ, ಗೋಪಿಗೆ ಆಶೀರ್ವಾದ. ನಿನ್ನ ಹೊಸ ಮನೆಯಲ್ಲಿ ಎಲ್ಲವೂ ಒಳ್ಳೆಯದಾಗಲಿ. ಸಿಟ್ಟಿದ್ದರೂ ಇದನ್ನು ಮನಸಾರೆಯೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ಶಾಂತಲಾ

ತಾ.ಕ.: ಹೋದ ವಾರ ಮೋನಿಕಾಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರು. ನನ್ನ ಹೆಸರಿನ ಮೇಲೆ ಅಪ್ಪನ ಹೆಸರು ‘ಚಿಕ್ಕಬೈರಪ್ಪ’ ಎಂದು ಬರೆದು, ರಬ್ಬರಿನಿಂದ ಅಳಿಸಿದ್ದಾಳೆ. ಯಾಕೆ ಎಂದು ಕೇಳಿದೆ. “ಸೈನ್ ಹಾಕ್ಬಿಟ್ಯಲ್ಲಮ್ಮ, ತಾತಾನೂ ಅವರಿಗೇ ಅಲ್ವಾ?” ಎಂದಳು. ನೀನು ಆಡಿದ್ದು ಹತ್ತು ಜನರ ಎದುರು, ಉತ್ತರವೂ ಅಲ್ಲೇ ಬರಬೇಕು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ನೆಂಟರೆಲ್ಲ ನಿನ್ನ ಮನೆಯಲ್ಲೇ ಸೇರುತ್ತಾರೆ. ನಾನು ಅವಳನ್ನು ಕರೆದುಕೊಂಡು ಬರುತ್ತೇನೆ. ಊಟಕ್ಕೆ ಎಲೆ ಹಾಕುವ ಮೊದಲು ಎದ್ದು ನಿಂತು, ಅವಳ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳು: ಇವಳು ನಮ್ಮಪ್ಪನ ಮೊಮ್ಮಗಳು ಹೌದೋ, ಅಲ್ಲವೋ?