ಪ್ರೆಸ್ ಮಷೀನಿನ ಜಾಲರಿ

ಅಣ್ಣಾ,

ಊಟ ಮುಚ್ಚಿಟ್ಟಿದ್ದೇನೆ, ಚಮಚ ಪಕ್ಕದಲ್ಲೇ ಇದೆ. ಎಡಗೈಯಲ್ಲಿ ತಿನ್ನೋಕೆ ನಾಚಿಕೆ ಬೇಡ, ನೋಡೋರು ಯಾರೂ ಇಲ್ಲ. ಬ್ಯಾಂಡೇಜು ಒದ್ದೆಯಾಗದಿರಲಿ.

ಹತ್ತು ಗಂಟೆಗೆ ಸೂಪರ್‌ವೈಸರ್ ಕಾಗದ ತರುತ್ತಾನೆ. ಕೈ ಒಳಗೆ ಸಿಗದ ಹಾಗೆ ಪ್ರೆಸ್ ಮಷೀನಿಗೆ ಹಾಕಿರೋ ಜಾಲರಿ ನೀನಾಗಿಯೇ ಬಿಚ್ಚಿದ್ದೆ ಅಂತ ಅದರಲ್ಲಿ ಬರೆದಿದ್ದಾರಂತೆ. ಕೆಲಸ ಬೇಗ ಸಾಗಲಿ ಅಂತ ಬಿಚ್ಚಿಸಿದ್ದು ಅವನೇ ಅಲ್ವಾ? ಸಹಿ ಮಾಡೋಕೆ ಬೆರಳಿಲ್ಲ ಅಂದರೆ ಎಡಗೈ ಹೆಬ್ಬೆಟ್ಟು ಕೇಳುತ್ತಾನೆ. ಚಹಾ ಕೊಡು, ಹೆಬ್ಬೆಟ್ಟು ಕೊಡಬೇಡ. ‘ಪಾಪ, ಆಸ್ಪತ್ರೆಗೆ ಬಂದಿದ್ದ’ ಅಂತ ಕರಗಿಬಿಡಬೇಡ.

ನಿನಗೆ ಹೇಳಿರಲಿಲ್ಲ. ಇವತ್ತಿಂದ ಆ ಮಷೀನಿಗೆ ನನ್ನನ್ನೇ ಹಾಕಿದ್ದಾರೆ. ಜಾಲರಿ ಹಾಕಿಕೊಡದೆ ಸ್ವಿಚ್ ಮುಟ್ಟೋದಿಲ್ಲ ಅಂತ ಹೇಳೋಳಿದ್ದೇನೆ. ‘ತಪ್ಪು ನಂದೇ’ ಅಂತ ನೀನು ಒಪ್ಪಿಬಿಟ್ಟರೆ ಅಲ್ಲಿ ನನ್ನ ಮಾತು ಯಾರು ಕೇಳ್ತಾರೆ?

ತಂಗಿ