ಗೋಡೆಗೆ ಮಾಡಿದ ಸಲಾಂ

ಅಪ್ಪಾ,

ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ನಿನಗೆ ಕೊಟ್ಟ ಮಾತನ್ನು ನಿನ್ನ ಮಗಳು ಮುರಿದಿದ್ದಾಳೆ.

ನೀನು ಹಾಸಿಗೆ ಹಿಡಿದ ಬೇಸಿಗೆ ನೆನಪಿದೆಯೇ? ಉಸಿರು ಸಾಲದಿದ್ದರೂ ನಮ್ಮ ತುಫಾನನ ಸುದ್ದಿ ಬಿಡಲಿಲ್ಲ. "ಇನ್ನೊಂದು ಓಟ ಐತವ್ವಾ ಅವನ ಮೈಯಾಗ. ಗದ್ವಾಲದ ಕರಿ ಕುದುರಿನ್ನ ಸೋಲಿಸಿ ಆಮ್ಯಾಲ ಬಿಡು." ನಾನು ಹೂಂ ಅಂದೆ. ಹದಿನೇಳು ತುಂಬಿದ ಕುದುರೆಗೆ ಇನ್ನೆಂಥ ಓಟ ಎಂದು ಸಾಯುವವನನ್ನು ಯಾರು ಕೇಳುತ್ತಾರೆ?

ಅವನಿಗೆ ಸಲಾಂ ಕಲಿಸಿದ ದಿನಗಳೂ ನೆನಪಾಗುತ್ತವೆ. ಓಟದ ಮೊದಲು ಜಾಗೀರದಾರರ ಮುಂದೆ ಎಡ ಮುಂಗಾಲು ಚಾಚಿ ನಿಂತರೆ ಒಂದು ತುಂಡು ಬೆಲ್ಲ. ಕೊನೆಕೊನೆಗೆ ಹೇಳದಿದ್ದರೂ ಕೊಟ್ಟಿಗೆಯಲ್ಲೇ ಕಾಲು ಚಾಚುತ್ತಿದ್ದ. "ನನ್ನ ಕಂಡ್ರ ಸಲಾಂ ಮಾಡ್ತಾನ ನೋಡು!" ಎಂದು ನೀನು ಓಣಿಗೆಲ್ಲ ಸಾರಿದೆ. ನಾನೂ ಬೆಲ್ಲ ತಿನ್ನಿಸಿದೆ.

ನೀನು ಹೋದ ಮೇಲಿನ ಮಳೆಗಾಲ ಹೇಗೆ ಕಳೆಯಿತೋ... ರಜಾಕಾರರು ಒಯ್ದಾರೆಂದು ತುಫಾನನನ್ನು ಜೋಳದ ಹೊಲದಲ್ಲಿ ಬಚ್ಚಿಟ್ಟೆವು. ಆಮೇಲೆ ಮಿಲಿಟರಿ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಜಾಗೀರದಾರರು ಹೈದರಾಬಾದಿಗೆ ಹೋದರು. ದಸರೆಗೆ ಮಕ್ತಲ್ ಬಯಲಿನಲ್ಲಿ ಹೊಸ ಅಧಿಕಾರಿಯ ಮುಂದೆ ಓಟ ಎಂದು ಡಂಗುರ ಹೊಡೆದರು. ಗದ್ವಾಲದ ಕರಿ ಕುದುರೆಯೂ ಬರುತ್ತದಂತೆ.

ಓಟದ ದಿನ ಮುಂಜಾನೆ ಹುರುಳಿ ಹಿಡಿದು ಕೊಟ್ಟಿಗೆಗೆ ಹೋದೆ. ತುಫಾನ ನನಗೆ ಬೆನ್ನು ಮಾಡಿ ಗೋಡೆಯತ್ತ ನಿಂತಿದ್ದ. ಎಡಗಾಲು ಮುಂದಕ್ಕೆ ಚಾಚಿತ್ತು. ಗೋಡೆಗೆ ಯಾರಪ್ಪಾ ಸಲಾಂ ಮಾಡುತ್ತಾರೆ? ಮುಟ್ಟಿದರೆ ಮೊಣಕಾಲ ಕೆಳಗೆ ನರ ಊದಿ ಬಿಸಿಯಾಗಿತ್ತು. ಭಾರ ಊರಲಾರದೆ ಕಾಲು ಚಾಚುತ್ತಿದ್ದ. ಎಂದಿನಿಂದ? ನೀನಿದ್ದಾಗಿನಿಂದಲೇ? ಬೆಲ್ಲ ತಿನ್ನಿಸಿದ ನನ್ನ ಕೈ ಮೇಲೆ ನನಗೇ ಸಿಟ್ಟು ಬಂತು.

ಸವಾರಿ ಮಾಡಬೇಕಾಗಿದ್ದ ಕಾಕಾ ಜೀನು ಹೊತ್ತು ಬಂದ. ಓಡಿಸುವುದು ಬೇಡ ಎಂದದ್ದೇ ಕೆಂಡವಾದ. "ಓಡಸಲಿಲ್ಲಂದ್ರ ಏನಂತಾರ ಗೊತ್ತೈತೇನು? ಜಾಗೀರದಾರ್ರಿಗೆ ಓಡಿದ ಕುದುರಿ ನಮಗ್ಯಾಕ ಓಡಂಗಿಲ್ಲಂತಾರ. ರಜಾಕಾರರ ಕಡಿಯಾವ ಅಂತ ನನ್ನ ಹಿಡಕೊಂಡು ಹೋಗ್ತಾರ!"

"ಕಾಲು ಮುರದ್ರ?"

"ಮುರಿಯಂಗಿಲ್ಲ. ಒಂದ ಓಟ!"

ನಿನ್ನದೇ ಮಾತು. ಕಾಕಾನ ಹೆದರಿಕೆ ಸುಳ್ಳಲ್ಲ. ಆಗ ಚಾಡಿ ಮಾತಿಗೂ ಜನರನ್ನು ಹಿಡಿಯುತ್ತಿದ್ದರು. ಆದರೂ ಲಾಳ ಕೀಳುವ ಇಕ್ಕಳವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತುಫಾನನನ್ನು ನಾನೇ ಬಯಲಿಗೆ ನಡೆಸಿಕೊಂಡು ಹೋದೆ.

ಅಧಿಕಾರಿಯ ಮುಂದೆ ನಿಂತದ್ದೇ ತಡ, ತುಫಾನ ಕಾಲು ಚಾಚಿದ. ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ನಕ್ಕು ಕೈಯೆತ್ತಿದ. ನಾನು ಕುಕ್ಕರಿಸಿ ಗೊರಸು ಹಿಡಿದೆ. "ಇದು ಸಲಾಂ ಅಲ್ರೀ ಸಾಹೇಬ್ರ, ಬ್ಯಾನಿ ಐತ್ರಿ." ಅಧಿಕಾರಿಗೆ ನಮ್ಮ ಮಾತು ತಿಳಿಯಲಿಲ್ಲ. ನಗು ನಿಂತಿತು. ಕಾಕಾ ಬಿಳಿಚಿಕೊಂಡಿದ್ದ.

ಆಗ ಕರಿ ಕುದುರೆಯಿಂದ ಇಳಿದು ಬಂದವರು ಯಾರು ಗೊತ್ತೇ? ಅದರ ಒಡೆಯ, ನೀನು ಜೀವಮಾನವಿಡೀ ಬೈದ ಅದೇ ಗದ್ವಾಲದ ಮುದುಕ. ಕಾಲು ಸವರಿ ಅಧಿಕಾರಿಗೆ ಉರ್ದುವಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ನಾನು ಇಕ್ಕಳ ಹೊರತೆಗೆದಾಗ ನನ್ನತ್ತ ತಿರುಗಿ, "ಲಾಳ ತೆಗಿಯವ್ವಾ, ನಾ ಹಿಡಿತೀನಿ," ಎಂದರು. ಲಾಳ ಕಿತ್ತ ಕುದುರೆಯನ್ನು ನಮ್ಮಲ್ಲಿ ಯಾರೂ ಓಟಕ್ಕೆ ಕರೆಯುವುದಿಲ್ಲವಲ್ಲ. ಒಂದೊಂದಾಗಿ ನಾಲ್ಕೂ ಕಿತ್ತೆ. ಅಳುತ್ತಲೇ ಕಿತ್ತೆ.

ಓಟ ಕರಿ ಕುದುರೆಯೇ ಗೆದ್ದಿತು, ಅಪ್ಪಾ. ಕಾಕಾನನ್ನು ಯಾರೂ ಏನೂ ಕೇಳಲಿಲ್ಲ. ಅದಾಗಿ ವರ್ಷವಾಯಿತು. ನಿನ್ನೆ ಹುರುಳಿ ಹಿಡಿದು ಹೋದಾಗ ತುಫಾನ ತಿರುಗಿ ನೋಡಿದ. ನಾಲ್ಕೂ ಕಾಲೂರಿ ನಿಂತಿದ್ದ. ನನಗೆ ಸಲಾಂ ಮಾಡಲಿಲ್ಲ.