ಏಳು ಮುಚ್ಚಳದ ಶರಬತ್ತು

ಸಿರುಮುಗೈ
ಭಾನುವಾರ, ಆಗಸ್ಟ್ 18, 2024

ಪ್ರೀತಿಯ ಅಕ್ಕಾ,

ಕಾಲಿನ ಊತ ಇಳಿಯಿತೇ? ಎಂಟನೇ ತಿಂಗಳಲ್ಲಿ ಗಂಟೆಗಟ್ಟಲೆ ಅಂಗಡಿಯಲ್ಲಿ ನಿಂತಿರಬೇಡ, ಒಂದು ಸ್ಟೂಲು ಹಾಕಿಸಿಕೋ. ಕಬ್ಬಿಣದ ಮಾತ್ರೆ ಹೊಟ್ಟೆ ತೊಳಸುತ್ತದೆ ಎಂದು ಬಿಟ್ಟುಬಿಡುವವಳು ನೀನು. ಊಟ ಮುಗಿದ ಮೇಲೆ ನುಂಗಿದರೆ ಅಷ್ಟು ಕಾಟ ಕೊಡುವುದಿಲ್ಲವಂತೆ. ಮಗು ಒದೆಯುತ್ತದೆಯೇ ಎಂದು ಅಮ್ಮ ದಿನವೂ ನನ್ನನ್ನು ಕೇಳುತ್ತಾಳೆ, ನನಗೇನೋ ಗೊತ್ತಿರುವ ಹಾಗೆ. ನೀನು ನಮ್ಮ ಫೋನು ಎತ್ತಿ ಎರಡು ತಿಂಗಳಾಯಿತು.

ನಾಳೆ ಗೋಪಿನಾಥ್ ಅಣ್ಣ ರೇಷ್ಮೆ ನೂಲು ತರಲು ಕೊಳ್ಳೇಗಾಲಕ್ಕೆ ವ್ಯಾನು ಹೊಡೆಯುತ್ತಾರೆ. ಇದನ್ನು ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ನನ್ನ ಕನ್ನಡ ಅಕ್ಷರ ನೋಡಿ ನಗಬೇಡ. ನೀನು ಕಳಿಸಿದ ಒಂದನೇ ತರಗತಿ ಪುಸ್ತಕದಲ್ಲಿ ಕಲಿತದ್ದು, ಆಮೇಲೆ ನಿಮ್ಮ ಕಡೆಯ ಹೆಂಗಸರ ಮದ್ಯ ವಿರೋಧಿ ಕರಪತ್ರಗಳನ್ನು ಓದಿ ಓದಿ ರೂಢಿಯಾಯಿತು. ಈ ಮನೆಯಲ್ಲಿ ಎಲ್ಲರೂ ಆಡುವ ಕನ್ನಡವನ್ನು ನಾನೊಬ್ಬಳೇ ಓದಬಲ್ಲೆ. ಅಮ್ಮನಿಗೆ ಓದಲು ತಮಿಳು ಮಾತ್ರ ಬರುತ್ತದೆ. ಅವಳು ಓದಬಾರದೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ ಎಂದು ನೀನು ಕುನ್ನತ್ತೂರಿನ ಪೆರಿಯನಾಯಕಿ ದೊಡ್ಡಮ್ಮನ ಮೂಲಕ ಹೇಳಿ ಕಳಿಸಿದೆ. ‘ಅಪ್ಪನಿಗೆ ಕೈಯಾರೆ ಹೆಂಡ ಹುಯ್ದು ಕೊಂದೋಳು ನನ್ ಮಗೂನ ಮುಟ್ಟೋದು ಬ್ಯಾಡ’ ಎಂದೆಯಂತೆ. ದೊಡ್ಡಮ್ಮ ಒಂದಕ್ಷರ ಬಿಡದೆ ಅದನ್ನು ಅಮ್ಮನ ಮುಂದೆ ಒಪ್ಪಿಸಿದರು. ಅಮ್ಮ ನೂಲು ಸುತ್ತುತ್ತಿದ್ದಳು. ರಾಟೆ ನಿಲ್ಲಿಸದೆ, ‘ಸರಿ, ಅವ್ಳಿಗೆ ಎಲ್ಲಿ ಸೌಕರ್ಯವೋ ಅಲ್ಲೇ ಆಗ್ಲಿ’ ಎಂದಳು. ಆದರೆ ಹಳೆಯ ನೂಲಿನ ಸೀರೆಗಳನ್ನು ಒಗೆದು, ಹರಿದು, ಮಗುವಿಗೆ ಬಟ್ಟೆ ಹೊಲಿಯುವುದನ್ನು ಅವಳಿನ್ನೂ ನಿಲ್ಲಿಸಿಲ್ಲ. ಈಗ ಹದಿನಾರು ಆಗಿವೆ.

ಅಮ್ಮ ಕೊಲ್ಲಲಿಲ್ಲ ಅಕ್ಕಾ. ಅಪ್ಪ ಸತ್ತದ್ದು ಅಮ್ಮ ಹುಯ್ದು ಕೊಟ್ಟಿದ್ದರಿಂದಲ್ಲ, ನಾನು ನಿಲ್ಲಿಸಿದ್ದರಿಂದ. ಹೇಗೆಂದು ಬರೆಯುತ್ತೇನೆ, ಕಾಗದವನ್ನು ಮಧ್ಯದಲ್ಲಿ ಹರಿದು ಹಾಕಬೇಡ.

ನೀನು ಮದುವೆಯಾಗಿ ಹೋದ ಮೇಲೆ ಅಪ್ಪನ ಕುಡಿತ ಹೆಚ್ಚಾಯಿತು. ಮಧ್ಯಾಹ್ನ ಸರ್ಕಾರಿ ಮದ್ಯದಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಮಗ್ಗದ ಗುಂಡಿಯಿಂದ ಎದ್ದು ಹೋದರೆ ಸಂಜೆ ಯಾರಾದರೂ ಹಿಡಿದುಕೊಂಡು ತಂದು ಬಿಡಬೇಕು. ಹೋದ ವರ್ಷ ಕಾಲುವೆ ಪಕ್ಕ ಬಿದ್ದು ಹಣೆ ಒಡೆದುಕೊಂಡರು. ಕುಡಿಯದಿದ್ದರೆ ಕೈ ನಡುಗಿ ರೇಷ್ಮೆ ಎಳೆ ಹರಿಯುತ್ತಿತ್ತು. ಆಸ್ಪತ್ರೆಗೆ ಬನ್ನಿ ಎಂದರೆ ಒಪ್ಪುತ್ತಿರಲಿಲ್ಲ. ಕೊನೆಗೆ ಅಮ್ಮ ಒಂದು ತೀರ್ಮಾನಕ್ಕೆ ಬಂದಳು: ಕುಡಿಯುವುದಾದರೆ ಮನೆಯಲ್ಲಿ, ತನ್ನ ಕೈಯಿಂದ, ತಾನು ಅಳೆದು ಕೊಟ್ಟಷ್ಟು. ಬ್ರಾಂದಿ ಬೇಡ, ವೋಡ್ಕಾ. ಅದಕ್ಕೆ ಬಣ್ಣವಿಲ್ಲ, ಮಗ್ಗದ ಹಾಸಿನ ಎಳೆಗಳ ಮೇಲೆ ಒಂದು ಹನಿ ಬಿದ್ದರೂ ಕಲೆಯಾಗುವುದಿಲ್ಲ. ಹಣ್ಣಿನ ರಸದಲ್ಲಿ ಬೆರೆಸಿದರೆ ನೂಲು ಕೊಡುವವರ ಮೂಗಿಗೂ ಗೊತ್ತಾಗುವುದಿಲ್ಲ. ಪರಿಚಯದವರು ಇಲ್ಲದ ಕಡೆ ಎಂದು ಮೆಟ್ಟುಪಾಳ್ಯಂಗೆ ಹೋಗಿ, ಗಂಡಸರ ಸಾಲಿನಲ್ಲಿ ಸೆರಗು ಹೊದ್ದು ನಿಂತು, ಹಳದಿ ಚೀಲದಲ್ಲಿ ಸೊಪ್ಪಿನ ಕೆಳಗೆ ಇಟ್ಟುಕೊಂಡು ತರುತ್ತಿದ್ದಳು. ಆ ಅಂಗಡಿಗೆ ಕೂಗಳತೆಯ ಬಸ್ ನಿಲ್ದಾಣದಲ್ಲಿ ನಾನು ನಮ್ಮ ಮದ್ಯ ವಿರೋಧಿ ಸಂಘದ ಪರವಾಗಿ ಅದೇ ಅಂಗಡಿ ಮುಚ್ಚಿಸಲು ನೋಟೀಸು ಹಂಚುತ್ತಿದ್ದೆ. ಒಂದು ದಿನವೂ ಎದುರಾಗಲಿಲ್ಲ. ಅಪ್ಪ ಕುಡಿಯುವುದು ಬರೀ ಶರಬತ್ತು ಎಂದು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ನನ್ನ ನೋಟೀಸು ಓದಿ ನಮ್ಮಪ್ಪ ಬಿಟ್ಟರು ಎಂದು ಸಂಘದ ಸಭೆಯಲ್ಲಿ ಮೈಕು ಹಿಡಿದು ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಜೂನಿನಲ್ಲಿ ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಆಯಿತಲ್ಲ, ನೋಡಿಕೊಳ್ಳಲು ಅಮ್ಮ ಕುನ್ನತ್ತೂರಿಗೆ ಹೋಗಲೇಬೇಕಾಯಿತು. ಹೊರಡುವ ಹಿಂದಿನ ಸಂಜೆ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಹಾಕಿ, ಅಕ್ಕಿ ಡಬ್ಬದ ಹಿಂದಿನಿಂದ ನಾಲ್ಕು ಕ್ವಾರ್ಟರ್ ಬಾಟಲಿ ತೆಗೆದಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಅವಳು ನನ್ನ ಮುಖ ನೋಡಲಿಲ್ಲ, ಸಾರು ಮಾಡುವುದನ್ನು ಕಲಿಸುವ ಹಾಗೆ ಕಲಿಸಿದಳು. ಕುನ್ನೂರು ಬೆಟ್ಟದಿಂದ ಇಳಿದ ಪ್ಲಮ್ ಹಣ್ಣು ನಾಲ್ಕು, ಕೈಗೆ ಮೆತ್ತಗಿರಬೇಕು. ಬೀಜ ತೆಗೆದು, ಚಿಟಿಕೆ ಕಲ್ಲುಪ್ಪು, ಎಂಟು ಪುದೀನ ಎಲೆ ಹಾಕಿ ಕೈಯಿಂದಲೇ ಹಿಸುಕಬೇಕು; ಮಿಕ್ಸಿಗೆ ಹಾಕಿದರೆ ಸಿಪ್ಪೆ ಒಗರು ಬಿಡುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಅರ್ಧ ನಿಂಬೆ, ಎರಡು ಚಮಚ ನನ್ನಾರಿ ಬೇರಿನ ಶರಬತ್ತು. ಆಮೇಲೆ ಬಾಟಲಿಯ ಮೂಡಿಯಲ್ಲಿ, ಆ ಮುಚ್ಚಳದಲ್ಲೇ, ಅಳೆದು ವೋಡ್ಕಾ. ಕೊನೆಗೆ ಮಣ್ಣಿನ ಪಾನೆಯ ತಣ್ಣೀರು, ಇದ್ದರೆ ಒಂದು ಚೂರು ಐಸು. ಲೋಟದಲ್ಲಿ ಅದು ಮದುವೆ ಸೀರೆಯ ಬಣ್ಣಕ್ಕೆ ನಿಂತಿತು. ಆ ಸೆಕೆಯಲ್ಲಿ ಅದನ್ನು ನೋಡಿ ನನ್ನ ಬಾಯಲ್ಲೂ ನೀರೂರಿತು, ಅದಕ್ಕೆ ಇನ್ನೂ ಸಿಟ್ಟು ಬಂತು. ‘ಏಳು ಮೂಡಿ, ನನ್ ಕಣ್ಣು. ಆರಲ್ಲ, ಎಂಟಲ್ಲ. ದಿನಕ್ಕೆ ಮೂರು ದಪ. ಹೋದ ವರ್ಷ ಹತ್ತು ಮೂಡಿ ಇತ್ತು, ಇಳಿಸಿ ಇಳಿಸಿ ಇಲ್ಲಿಗೆ ತಂದಿದೀನಿ. ಆಡಿ ಮಾಸ ಕಳೀಲಿ, ಆರು ಮಾಡ್ತೀನಿ’ ಎಂದಳು. ನಾನು ಬಾಟಲಿಗಳನ್ನೇ ದುರುಗುಟ್ಟಿ ನೋಡುತ್ತಿದ್ದುದನ್ನು ಕಂಡು, ‘ನಿನ್ ನೋಟೀಸೆಲ್ಲ ಪಕ್ಕಕ್ಕಿಡು. ನಾಲ್ಕು ದಿನ ನಾನ್ ಹೇಳ್ದಂಗೆ ಮಾಡು, ಪುರಿಂಜುದಾ, ತಿಳೀತಾ?’ ಎಂದಳು. ‘ಸರಿ ಮಾ’ ಎಂದೆ.

ಮಂಗಳವಾರ ಅವಳ ಬಸ್ಸು ಹೊರಟ ಮೇಲೆ ನಾಲ್ಕೂ ಬಾಟಲಿಗಳನ್ನು ಹಿತ್ತಲ ಚರಂಡಿಗೆ ಸುರಿದೆ. ಕೆಟ್ಟದ್ದನ್ನು ಸ್ವಲ್ಪ ಸ್ವಲ್ಪವೇ ಬಿಡುವುದು ಹೇಡಿತನ ಎಂದು ನಮ್ಮ ಕರಪತ್ರದಲ್ಲಿ ನಾನೇ ಬರೆದ ಸಾಲಿತ್ತು. ಅಪ್ಪನಿಗೆ ಅನುಮಾನ ಬಾರದಿರಲೆಂದು ಅದೇ ಶರಬತ್ತು ಮಾಡಿದೆ, ಅದೇ ಹಣ್ಣು, ಅದೇ ಪುದೀನ. ವೋಡ್ಕಾ ಬದಲು ಶುಂಠಿ ರಸ ಮತ್ತು ಮೆಣಸು, ಗಂಟಲು ಉರಿಯಲಿ ಎಂದು. ಅಪ್ಪ ಒಂದು ಗುಟುಕು ಕುಡಿದು ನನ್ನನ್ನೇ ನೋಡಿದರು. ‘ಏನ್ ತಲೈವಿ, ರಸಂ ಮಾಡಿ ತಂದಿದೀಯಾ? ಅನ್ನ ಎಲ್ಲಿ?’ ಎಂದರು. ಸಂಘಕ್ಕೆ ಸೇರಿದಾಗಿನಿಂದ ಅವರು ನನ್ನನ್ನು ಹಾಗೇ ಕರೆಯುತ್ತಿದ್ದುದು, ನಾಯಕಿಯಮ್ಮ ಎಂದು ಚುಡಾಯಿಸಲು. ‘ತಲೈವಿ ಕೈಲಿ ಕುಡಿಯೋ ಸರಕ್ಕು. ಇದನ್ನೂ ನೋಟೀಸ್‌ನಲ್ಲಿ ಹಾಕು’ ಎಂದು ನಕ್ಕು ಪೂರ್ತಿ ಕುಡಿದರು.

ಬುಧವಾರ ಅವರ ಬನಿಯನ್ನು ಬೆವರಿನಿಂದ ಒದ್ದೆಯಾಗಿತ್ತು. ಒಂದು ಮೊಳ ನೇಯುವಷ್ಟರಲ್ಲಿ ಎಷ್ಟು ಎಳೆ ಹರಿಯಿತೋ. ‘ಇನ್ನೊಂದು ಲೋಟ ಕೊಡು ಕಣ್ಣು, ಇದು ಏರ್ತಾ ಇಲ್ಲ’ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಶುಂಠಿ ಜಾಸ್ತಿ ಹಾಕಿ ಕೊಟ್ಟೆ. ಗುರುವಾರ ಹೊಟ್ಟೆಯಲ್ಲಿ ಅನ್ನ ನಿಲ್ಲಲಿಲ್ಲ. ಹಾಸಿನ ಮೇಲೆ ಇರುವೆ ಹತ್ತಿವೆ ಎಂದು ಒಂದೊಂದಾಗಿ ಹೆಕ್ಕಿ ಬಿಸಾಡುತ್ತ ಕುಳಿತರು. ಅಲ್ಲಿ ಒಂದು ಇರುವೆಯೂ ಇರಲಿಲ್ಲ ಅಕ್ಕಾ. ಆಗಲಾದರೂ ನಾನು ಯಾರನ್ನಾದರೂ ಕೂಗಬೇಕಿತ್ತು. ಮೂರು ದಿನ ನರಕ, ಆಮೇಲೆ ಬಿಡುಗಡೆ ಎಂದು ಎಲ್ಲೋ ಓದಿದ್ದೆ. ಇನ್ನೊಂದು ದಿನ ತಡೆದರೆ ಅಪ್ಪ ನಮಗೆ ವಾಪಸ್ಸು ಸಿಗುತ್ತಾರೆ ಎಂದುಕೊಂಡು ಅವರ ಪಕ್ಕ ಕುಳಿತು ನಾನೂ ಇರುವೆ ಹೆಕ್ಕುವ ಹಾಗೆ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಅಮ್ಮ ಬಂದಳು. ಹೊಸ್ತಿಲಲ್ಲೇ ಅಪ್ಪನ ಕೈ ನೋಡಿ ಚೀಲ ಕೆಳಗಿಟ್ಟಳು. ಅಕ್ಕಿ ಡಬ್ಬದ ಹಿಂದೆ ತಡಕಿ, ನನ್ನ ಕಡೆ ತಿರುಗಿ, ‘ಎಲ್ಲಿ?’ ಎಂದಳು. ಸುರಿದೆ ಎಂದೆ. ಬಯ್ಯಲಿಲ್ಲ. ಆಟೋ ಕರೆಯಲು ಓಡಿದಳು. ಆಟೋ ಬರುವಷ್ಟರಲ್ಲಿ ಅಪ್ಪನಿಗೆ ಫಿಟ್ಸ್ ಬಂತು, ದಾರಿಯಲ್ಲಿ ಇನ್ನೊಂದು ಸಲ. ಸಂಜೆಗೆ ಹೋಗಿಬಿಟ್ಟರು. ಎಷ್ಟು ದಿನದಿಂದ ಕುಡಿದಿಲ್ಲ, ಯಾರು ನಿಲ್ಲಿಸಿದರು ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಮ್ಮ, ‘ನಾನೇ ಸಾರ್, ತಿಳೀದೆ ನಿಲ್ಲಿಸ್ಬಿಟ್ಟೆ’ ಎಂದಳು. ಇಷ್ಟು ವರ್ಷ ಕುಡಿದ ದೇಹಕ್ಕೆ ಒಮ್ಮೆಗೇ ನಿಲ್ಲಿಸಬಾರದಿತ್ತು, ಇಲ್ಲಿಗೆ ತಂದು ಸೇರಿಸಿ ಮದ್ದು ಕೊಟ್ಟು ಬಿಡಿಸಬೇಕಿತ್ತು ಎಂದು ಅವರು ಹೇಳಿದರು. ಮಾರನೇ ದಿನ ನೀನು ಬಂದೆ. ಅಟ್ಟದ ಮೇಲೆ ಅಮ್ಮ ಎಳ್ಳೆಣ್ಣೆ ತುಂಬಿಟ್ಟಿದ್ದ ಹಳೆಯ ವೋಡ್ಕಾ ಬಾಟಲಿಗಳನ್ನು ಕಂಡೆ. ನೆಂಟರೆಲ್ಲರ ಮುಂದೆ, ನೀನೇ ಹುಯ್ದು ಕೊಟ್ಟೆಯಾ ಎಂದು ಕೇಳಿದೆ. ಅವಳು ಹೌದು ಎಂದಳು. ನಿಲ್ಲಿಸಿದ ತಪ್ಪು ಆಸ್ಪತ್ರೆಯಲ್ಲಿ, ಹುಯ್ದ ತಪ್ಪು ಮನೆಯಲ್ಲಿ, ಎರಡನ್ನೂ ಅವಳೇ ಹೊತ್ತಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನೀನು ಹೊರಟ ಮೇಲೆ, ಹೇಳಿಬಿಡುತ್ತೇನೆ ಎಂದಿದ್ದಕ್ಕೆ, ‘ನಿಂಗಿನ್ನೂ ಮದ್ವೆ ಆಗ್ಬೇಕು. ಅಪ್ಪನ್ನ ಕೊಂದೋಳು ಅಂತ ಊರೆಲ್ಲ ಮಾತಾಡ್ಲಾ? ಅವ್ಳ ಕೋಪ ನನ್ ಮೇಲೇ ಇರ್ಲಿ, ನಾನ್ ತಡೀತೀನಿ’ ಎಂದಳು.

ಅವಳು ತಡೆಯುತ್ತಿಲ್ಲ ಅಕ್ಕಾ. ಊಟ ಒಂದು ಹೊತ್ತಿಗೆ ಇಳಿದಿದೆ. ನಾನು ಸಂಘ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆ ಅಂಗಡಿ ಊರಿನ ಬಾಯಿಗೆ ಹುಯ್ದದ್ದು ಸುಳ್ಳಾಗುವುದಿಲ್ಲ, ಅದನ್ನು ಮುಚ್ಚಿಸುವವರೆಗೂ ನಿಲ್ಲುತ್ತೇನೆ. ಆದರೆ ನನ್ನ ಹಳೆಯ ಕರಪತ್ರಗಳನ್ನು ಒಲೆಗೆ ಹಾಕಿದೆ. ಅದರಲ್ಲಿ ಕುಡುಕನಿದ್ದ, ಸರ್ಕಾರವಿತ್ತು, ಹೆಂಡತಿಯ ಕಣ್ಣೀರಿತ್ತು. ಹದಿನಾಲ್ಕು ತಿಂಗಳು ಮುಚ್ಚಳ ಹಿಡಿದು ಗಂಡನನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದ ಹೆಂಗಸು ಇರಲಿಲ್ಲ.

ಆಡಿ ಮಾಸ ಮುಗಿದು ಆವಣಿ ಹುಟ್ಟಿದೆ, ಇನ್ನು ಪ್ರಯಾಣಕ್ಕೆ ಅಡ್ಡಿಯಿಲ್ಲ. ಗೋಪಿನಾಥ್ ಅಣ್ಣ ಗುರುವಾರ ವಾಪಸ್ಸು ಬರುತ್ತಾರೆ, ಮುಂದಿನ ಸೀಟು ನಿನಗೆಂದು ಹೇಳಿದ್ದೇನೆ, ದಿಂಬಂ ಘಾಟಿನಲ್ಲಿ ನಿಧಾನ ಓಡಿಸುತ್ತಾರೆ. ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಹೊರಡು. ನನ್ನ ಮುಖ ನೋಡಲಾಗದಿದ್ದರೆ ಗೋಪಿನಾಥ್ ಅಣ್ಣನಿಂದ ಮೊದಲೇ ಒಂದು ಫೋನು ಮಾಡಿಸು, ನಿನ್ನ ಹೆರಿಗೆ ಮುಗಿಯುವವರೆಗೆ ನಾನು ತಿರುಪ್ಪೂರಿನಲ್ಲಿ ಗೆಳತಿಯರ ಕೋಣೆಯಲ್ಲಿರುತ್ತೇನೆ. ನೀನು ಅಮ್ಮನ ಹತ್ತಿರ ಬಾ, ಅಷ್ಟೇ.

ಭಾವನಿಗೂ ನಿಮ್ಮ ಅತ್ತೆಗೂ ನನ್ನ ನಮಸ್ಕಾರ. ಹೊಟ್ಟೆಯಲ್ಲಿರುವ ಕಣ್ಣಿಗೆ ಚಿಕ್ಕಮ್ಮನ ಮುತ್ತು, ನೀನು ಒಪ್ಪಿದರೆ.

ನಿನ್ನ ತಂಗಿ,
ಸುಗನ್ಯಾ

ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ನಾನು ಸುರಿದದ್ದು ನಾಲ್ಕಲ್ಲ, ಮೂರು. ನಾಲ್ಕನೆಯದನ್ನು ಸಂಘದ ಸಭೆಯಲ್ಲಿ ಎಲ್ಲರೆದುರು ಸುರಿದು ತೋರಿಸಬೇಕೆಂದು ನನ್ನ ಚೀಲದಲ್ಲಿ ನೋಟೀಸುಗಳ ಕೆಳಗೆ ಇಟ್ಟಿದ್ದೆ. ಶುಕ್ರವಾರ ಅಮ್ಮ, ‘ಒಂದ್ ಮೂಡಿಯಷ್ಟಾದ್ರೂ ಇದೆಯಾ ಕಣ್ಣು, ಆಸ್ಪತ್ರೆಗೆ ಹೋಗೋ ತನಕ’ ಎಂದು ಕೈ ಹಿಡಿದು ಕೇಳಿದಳು. ಚೀಲ ಅವಳ ಬೆನ್ನ ಹಿಂದೆಯೇ ಗೂಟಕ್ಕೆ ತೂಗುತ್ತಿತ್ತು. ಇಲ್ಲ ಎಂದೆ. ಇದು ಅವಳಿಗೆ ಇನ್ನೂ ಗೊತ್ತಿಲ್ಲ. ನೀನು ಬಂದ ದಿನ ನಾನೇ ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ಅವಳ ಪಕ್ಕದಲ್ಲಿ ಒಬ್ಬಳಾದರೂ ಮಗಳು ಇರಬೇಕು.